ಅಡಿಕೆಯಿಂದ ಕ್ಯಾನ್ಸರ್ ಬರುತ್ತಾ, ಇಲ್ವಾ? ಜಗಳದ ಗಂಟು ಬಿಡಿಸಿ ನೋಡೋಣ

ವರ್ಷಕ್ಕೆ ಒಂದೆರಡು ಸಲವಾದರೂ ಈ ಸುದ್ದಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಅಂದಿದೆ ಅಂತ ಒಂದು ದಿನ. ಮರುದಿನ ಮಲೆನಾಡು, ಕರಾವಳಿಯ ರಾಜಕಾರಣಿಗಳು, ಸಹಕಾರ ಸಂಘದವರು ‘ಇದೆಲ್ಲ ಅಪಪ್ರಚಾರ’ ಅಂತ ಹೇಳಿಕೆ ಕೊಡುತ್ತಾರೆ. ಆಮೇಲೆ ದೆಹಲಿಯಿಂದ ‘ನಾವೇ ಹೊಸದಾಗಿ ಅಧ್ಯಯನ ಮಾಡಿಸುತ್ತೇವೆ’ ಅನ್ನುವ ಭರವಸೆ. ಇದರ ನಡುವೆ 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯಿಂದ ಮಾಡುವ ನಮ್ಮ ಹಾಳೆತಟ್ಟೆಯನ್ನೂ ಬೇಡ ಅಂದಿತು. ಓದುವವರಿಗೆ ತಲೆಬುಡ ಗೊತ್ತಾಗುವುದಿಲ್ಲ.

ವಾಟ್ಸಾಪ್ ಗುಂಪುಗಳಲ್ಲಿ ಆಗುವ ಚರ್ಚೆಯಂತೂ ಯಾವಾಗಲೂ ಒಂದೇ ಥರ. ‘ನಮ್ಮಜ್ಜ 90 ವರ್ಷದವರೆಗೆ ಕವಳ (ಎಲೆಯಡಿಕೆ) ಹಾಕಿದ್ರು, ಏನೂ ಆಗ್ಲಿಲ್ಲ’ ಅಂತ ಒಬ್ಬರು. ‘ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಒಂದು ದಿನ ಕೂತು ನೋಡಿ’ ಅಂತ ಇನ್ನೊಬ್ಬರು. ಅಲ್ಲಿಗೆ ಜಗಳ ನಿಲ್ಲುತ್ತದೆ, ಯಾರೂ ಸೋಲುವುದಿಲ್ಲ.

ನಿಜ ಹೇಳಬೇಕೆಂದರೆ ಇಬ್ಬರ ಮಾತಲ್ಲೂ ಸುಳ್ಳಿಲ್ಲ. ಅದು ಹೇಗೆ ಅಂತ ತಿಳಿಯಬೇಕಾದರೆ ಅಡಿಕೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಕ್ಯಾನ್ಸರ್ ಅನ್ನೋದು ಮೈಯಲ್ಲಿ ಹೇಗೆ ಶುರುವಾಗುತ್ತದೆ ಅಂತ ನೋಡಬೇಕು.

ನಕಲು ಮಾಡುವಾಗಿನ ತಪ್ಪು

ನಮ್ಮ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಕೆನ್ನೆಯ ಒಳಗಿನ ತೆಳು ಪೊರೆಯನ್ನೇ ತೆಗೆದುಕೊಳ್ಳಿ. ಬಿಸಿ ಸಾರು, ಮೆಣಸಿನಕಾಯಿ, ಚೂಪು ಹಲ್ಲು ಎಲ್ಲವನ್ನೂ ತಡೆದುಕೊಳ್ಳುವ ಆ ಪೊರೆ ಕೆಲವೇ ವಾರಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಬಾಯಿ ಸುಟ್ಟರೆ ಅಷ್ಟು ಬೇಗ ಮಾಯುವುದು ಅದಕ್ಕೇ.

ಹೊಸ ಕೋಶ ಹುಟ್ಟುವುದು ಹಳೆಯದು ಎರಡಾಗಿ ಒಡೆದು. ಒಡೆಯುವ ಮೊದಲು ಅದು ತನ್ನೊಳಗಿನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಬೇಕು. ತಾಯಿಯಿಂದ ಬಂದ ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ, ತಂದೆಯದರಲ್ಲೂ ಅಷ್ಟೇ. ಹಿಂದೆ ಓಲೆಗರಿ ನಕಲು ಮಾಡುತ್ತಿದ್ದವರ ಕೈಯಲ್ಲಿ ತಪ್ಪು ನುಸುಳುತ್ತಿದ್ದ ಹಾಗೆ ಇಲ್ಲೂ ನುಸುಳುತ್ತದೆ, ಮತ್ತು ಒಮ್ಮೆ ನುಸುಳಿದ ತಪ್ಪು ಮುಂದಿನ ಎಲ್ಲ ಪ್ರತಿಗಳಿಗೂ ದಾಟುತ್ತದೆ. ತಿದ್ದುವ ವ್ಯವಸ್ಥೆಯೂ ಕೋಶದೊಳಗೇ ಇದೆ. ಬಹುಪಾಲು ತಪ್ಪು ಅಲ್ಲೇ ಸರಿಯಾಗುತ್ತದೆ. ತಿದ್ದಲಾಗದಷ್ಟು ಕೆಟ್ಟಿದ್ದರೆ ‘ನೀನು ಸತ್ತುಹೋಗು’ ಅಂತ ಆ ಕೋಶಕ್ಕೆ ಆಜ್ಞೆ ಹೋಗುತ್ತದೆ, ಅದು ಸುಮ್ನೆ ಸತ್ತುಹೋಗುತ್ತದೆ. ಈ ಕಾವಲು ಕೆಲಸದಲ್ಲಿ ದೊಡ್ಡ ಪಾತ್ರ ಟಿಪಿ53 ಅನ್ನುವ ಜೀನ್‌ದು.

ಕ್ಯಾನ್ಸರ್ ಶುರುವಾಗುವುದು ಈ ತಪ್ಪುಗಳು ಆಗಬಾರದ ಜಾಗದಲ್ಲಿ ಆದಾಗ. ಕೋಶಕ್ಕೆ ‘ಒಡೆ, ಬೆಳೆ’ ಅನ್ನುವ ಜೀನ್‌ಗಳಿವೆ, ‘ಸಾಕು ನಿಲ್ಲು’ ಅನ್ನುವ ಜೀನ್‌ಗಳಿವೆ. ಮೊದಲನೆಯದು ನಿಲ್ಲದೆ ಕೂಗುತ್ತಲೇ ಇದ್ದು, ಎರಡನೆಯದು ಬಾಯಿ ಮುಚ್ಚಿಕೊಂಡು, ಕಾವಲಿಗಿದ್ದ ಟಿಪಿ53 ಕೂಡ ಕೆಟ್ಟರೆ ಆ ಕೋಶ ಯಾರ ಮಾತೂ ಕೇಳುವುದಿಲ್ಲ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಾ ಹೋಗುತ್ತದೆ. ಹೊರಗಿನಿಂದ ಬಂದ ಕ್ರಿಮಿಯನ್ನು ಮೈ ಗುರುತು ಹಿಡಿದಷ್ಟು ಸುಲಭವಾಗಿ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಇದು ಮನೆಯವನೇ.

ಆದರೆ ಇದೆಲ್ಲ ಒಂದೇ ಏಟಿಗೆ ಆಗುವುದಿಲ್ಲ, ಮುಖ್ಯವಾದದ್ದು ಇದೇ. ಒಂದು ತಪ್ಪು ಸಾಲದು. 1954ರಲ್ಲಿ ಪೀಟರ್ ಆರ್ಮಿಟೇಜ್, ರಿಚರ್ಡ್ ಡಾಲ್ ಎಂಬ ಇಬ್ಬರು ಬ್ರಿಟಿಷ್ ತಜ್ಞರು ವಯಸ್ಸು ಏರಿದಂತೆ ಕ್ಯಾನ್ಸರ್ ಸಾವು ಎಷ್ಟು ಕಡಿದಾಗಿ ಏರುತ್ತದೆ ಅಂತ ಲೆಕ್ಕ ಹಾಕಿ, ಒಂದು ಕೋಶ ಆರೇಳು ಮೆಟ್ಟಿಲು ದಾಟಿದರೆ ಮಾತ್ರ ಕ್ಯಾನ್ಸರ್ ಆಗುತ್ತಿರಬೇಕು ಅಂದರು. ಎಲ್ಲ ಕ್ಯಾನ್ಸರ್‌ಗೂ ಅದೇ ಸಂಖ್ಯೆ ಹೊಂದುವುದಿಲ್ಲ, ಆದರೆ ಮೆಟ್ಟಿಲಿನ ಮಾತು ಇವತ್ತಿಗೂ ನಿಂತಿದೆ. ಒಂದೊಂದು ಮೆಟ್ಟಿಲಿಗೂ ವರ್ಷಗಳು ಹಿಡಿಯುತ್ತವೆ. ಇಪ್ಪತ್ತರಲ್ಲಿ ಶುರುವಾದ ಅಭ್ಯಾಸದ ಲೆಕ್ಕ ಐವತ್ತರಲ್ಲಿ ಚುಕ್ತಾ ಆಗುವುದು ಹೀಗೆ.

ಕೆನ್ನೆಯೊಳಗೆ ಏನು ನಡೆಯುತ್ತದೆ

ಈಗ ಅಡಿಕೆಗೆ ಬರೋಣ. ಅಡಿಕೆಯಲ್ಲಿ ಅರೆಕೊಲಿನ್ ಅನ್ನುವ ಆಲ್ಕಲಾಯ್ಡ್ (ಗಿಡದಲ್ಲಿ ಹುಟ್ಟುವ, ಮೈಮೇಲೆ ಪರಿಣಾಮ ಮಾಡುವ ರಾಸಾಯನಿಕ) ಇದೆ. ಅಭ್ಯಾಸವಿಲ್ಲದವರು ಜಗಿದಾಗ ಮೈ ಬಿಸಿಯಾಗಿ, ಬೆವರಿ, ತಲೆ ತಿರುಗಿ, ‘ಅಡಿಕೆ ಸೊಕ್ಕಿತು’ ಅಂತೀವಲ್ಲ, ಅದರ ಹಿಂದೆ ಇರುವುದು ಈ ಆಲ್ಕಲಾಯ್ಡ್. ಬಿಡಲಾಗದಂತೆ ಚಟ ಹಿಡಿಸುವುದರಲ್ಲೂ ಇದರ ಪಾಲಿದೆ.

ಅರೆಕೊಲಿನ್ ಕೆನ್ನೆಯ ಪೊರೆಯ ಕೆಳಗಿರುವ, ನಾರು ತಯಾರಿಸುವ ಕೋಶಗಳನ್ನು ಕೆರಳಿಸುತ್ತದೆ. ಅವು ಬೇಕಾದ್ದಕ್ಕಿಂತ ಜಾಸ್ತಿ ಕೊಲಾಜೆನ್ ನಾರು ನೇಯುತ್ತವೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಹೆಚ್ಚು. ಆ ತಾಮ್ರ ನಾರುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಹೀಗೆ ಮೆತ್ತಗಿದ್ದ ಕೆನ್ನೆ ಒಳಗಿನಿಂದ ಗಟ್ಟಿಯಾಗುತ್ತಾ, ಬಿಳಿಚುತ್ತಾ ಬರುತ್ತದೆ. ಖಾರ ತಿಂದರೆ ಉರಿ. ಆಮೇಲೆ ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ, ಮೂರು ಬೆರಳು ಹೋಗುತ್ತಿದ್ದ ಕಡೆ ಎರಡು, ಆಮೇಲೆ ಒಂದು. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. 1952ರಲ್ಲಿ ಇದನ್ನು ಮೊದಲು ವಿವರಿಸಿದ್ದು ಪೂರ್ವ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ. ಇದು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಬೆಳೆಯಲು ಹದವಾದ ನೆಲ. ಇದಕ್ಕೆ ಹೊಗೆಸೊಪ್ಪು ಬೇಕಾಗಿಲ್ಲ, ಅಡಿಕೆಯೊಂದೇ ಸಾಕು.

ಸುಣ್ಣ ತನ್ನದೇ ಕೆಲಸ ಮಾಡುತ್ತದೆ. ಸುಣ್ಣ ಬೆರೆತಾಗ ಅಡಿಕೆಯ ಒಗರು ಅಂಶಗಳು ಉತ್ಕರ್ಷಣೆಗೊಂಡು ಬಾಯಿ ಕೆಂಪಾಗುತ್ತದೆ. ಅದೇ ಹೊತ್ತಿಗೆ ಡಿಎನ್‌ಎಗೆ ಪೆಟ್ಟು ಕೊಡಬಲ್ಲ ಚುರುಕಿನ ಆಮ್ಲಜನಕದ ಕಣಗಳೂ ಹುಟ್ಟುತ್ತವೆ. ಅಡಿಕೆಯ ಆಲ್ಕಲಾಯ್ಡ್‌ಗಳಿಂದ ನೈಟ್ರೋಸಮೀನ್ ಎಂಬ ವಸ್ತುಗಳೂ ತಯಾರಾಗುತ್ತವೆ, ಅವೂ ಡಿಎನ್‌ಎ ಕೆಡಿಸುವಂಥವೇ. ಗಟ್ಟಿ ಚೂರು ಉಜ್ಜಿ ಉಜ್ಜಿ ಆಗುವ ಗಾಯ ಇದಕ್ಕೆ ಸೇರಿಕೊಳ್ಳುತ್ತದೆ. ಗಾಯ ಮಾಯಬೇಕಾದರೆ ಕೋಶಗಳು ಹೆಚ್ಚು ಸಲ ಒಡೆಯಬೇಕು, ಹೆಚ್ಚು ಸಲ ನಕಲಾಗಬೇಕು, ಅಂದರೆ ತಪ್ಪಾಗುವ ಅವಕಾಶವೂ ಹೆಚ್ಚು.

ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಕೆನ್ನೆ ಮತ್ತು ಒಸಡು ಕೂಡುವ ಸಂದಿನಲ್ಲಿ. ಕವಳ ಒತ್ತರಿಸಿಟ್ಟುಕೊಳ್ಳುವ ಜಾಗವೂ ಅದೇ. ಪಾಶ್ಚಾತ್ಯ ದೇಶಗಳಲ್ಲಿ ನಾಲಿಗೆಯದು ಹೆಚ್ಚು. 2013ರಲ್ಲಿ ಭಾರತದ ವಿಜ್ಞಾನಿಗಳು ಈ ಸಂದಿನ ಗೆಡ್ಡೆಗಳ ಡಿಎನ್‌ಎ ಓದಿ ನೋಡಿದಾಗ ಟಿಪಿ53, ಕ್ಯಾಸ್ಪ್8, ನಾಚ್1 ಮೊದಲಾದ ಜೀನ್‌ಗಳು ಮತ್ತೆ ಮತ್ತೆ ಕೆಟ್ಟಿರುವುದು ಕಂಡಿತು. ಕಾವಲಿನವು, ‘ಸಾಯಿ’ ಅಂತ ಆಜ್ಞೆ ಕೊಡುವವು.

ಅಲ್ಲಿಂದ ಮುಂದಿನದು ಎಲ್ಲ ಕ್ಯಾನ್ಸರ್‌ನ ಕತೆಯೇ. ಮೊದಲು ಒಂದು ಬಿಳಿ ಅಥವಾ ಕೆಂಪು ಮಚ್ಚೆ. ಆಮೇಲೆ ವಾಸಿಯಾಗದ ಹುಣ್ಣು. ಕೋಶಗಳು ಪೊರೆಯ ತಳ ಸೀಳಿ ಕೆಳಗಿಳಿದು, ತಮಗೆ ಬೇಕಾದ ರಕ್ತನಾಳಗಳನ್ನು ಬೆಳೆಸಿಕೊಂಡು, ಕುತ್ತಿಗೆಯ ಗ್ರಂಥಿಗಳಿಗೆ ಹೋಗುತ್ತವೆ. ಅಲ್ಲಿಂದ ಶ್ವಾಸಕೋಶಕ್ಕೂ ಹೋಗಬಹುದು.

ಹಾಗಾದರೆ ಅಜ್ಜನಿಗೆ ಯಾಕೆ ಬರಲಿಲ್ಲ?

ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇದ್ದವರನ್ನು 17 ವರ್ಷ ಹಿಂಬಾಲಿಸಿ ನೋಡಿದ್ದರು. 1985ರಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ ಶೇ 7.6ರಷ್ಟು ಮಂದಿಗೆ ಬಾಯಿ ಕ್ಯಾನ್ಸರ್ ಬಂತು. ಈ ಸಂಖ್ಯೆಯನ್ನು ಎರಡೂ ಕಡೆಯಿಂದ ಓದಬಹುದು. ಆಗಲೇ ಕೆನ್ನೆ ಗಟ್ಟಿಯಾದವರಲ್ಲೇ ನೂರಕ್ಕೆ 92 ಮಂದಿಗೆ ಅಷ್ಟು ವರ್ಷದಲ್ಲಿ ಬರಲಿಲ್ಲ. ಆದರೆ ನೂರಕ್ಕೆ ಏಳೆಂಟು ಮಂದಿಗೆ ಬಾಯಿ ಕ್ಯಾನ್ಸರ್ ಅನ್ನುವುದು ಸಾಮಾನ್ಯ ಜನರ ಲೆಕ್ಕಕ್ಕೆ ಹೋಲಿಸಿದರೆ ಗಾಬರಿ ಹುಟ್ಟಿಸುವ ಪ್ರಮಾಣ.

ಯಾವ ಕೋಶದಲ್ಲಿ, ಯಾವ ಅಕ್ಷರದಲ್ಲಿ ತಪ್ಪಾಗುತ್ತದೆ ಅನ್ನುವುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಅಡಿಕೆ ಮಾಡುವುದು ಇಷ್ಟೇ: ಅದೇ ಲಾಟರಿಯ ಚೀಟಿಗಳನ್ನು ದಿನಾ ಜಾಸ್ತಿ ಕೊಡಿಸುತ್ತದೆ. ಊಟ ಆದಮೇಲೆ ಒಂದು ಎಲೆ ಹಾಕಿ, ಉಗಿದು, ಬಾಯಿ ಮುಕ್ಕಳಿಸಿದ ಅಜ್ಜನ ಚೀಟಿಗಳ ಲೆಕ್ಕವೇ ಬೇರೆ. ದಿನಕ್ಕೆ ಹತ್ತು ಪ್ಯಾಕೆಟ್ ಪಾನ್ ಮಸಾಲ ಹರಿದು ಬಾಯಿಗೆ ಸುರಿದುಕೊಳ್ಳುವ ಹುಡುಗನ ಲೆಕ್ಕವೇ ಬೇರೆ. ಪ್ಯಾಕೆಟ್‌ನದು ಒಣ ಪುಡಿ, ಅದರಲ್ಲಿ ವೀಳ್ಯದೆಲೆಯೇ ಇಲ್ಲ. ಎಲೆಯಡಿಕೆ ಹಾಕುವವರಿಗಿಂತ ಬಹಳ ಬೇಗ ಇವರ ಕೆನ್ನೆ ಗಟ್ಟಿಯಾಗುವುದನ್ನು ವೈದ್ಯರು ತೊಂಬತ್ತರ ದಶಕದಿಂದಲೇ ಹೇಳುತ್ತಿದ್ದಾರೆ.

ಇನ್ನೊಂದು ಮಾತು. ಉಳಿದ ಅಜ್ಜಂದಿರು ಮಾತ್ರ ನೆನಪಿನಲ್ಲಿ ಉಳಿಯುತ್ತಾರೆ. ‘ಬಾಯಲ್ಲಿ ಏನೋ ಹುಣ್ಣಾಗಿ’ ಐವತ್ತೈದಕ್ಕೇ ಹೋದವರ ಹೆಸರು ಹೇಳಿಕೊಂಡು ಯಾರೂ ವಾದ ಮಾಡುವುದಿಲ್ಲ.

‘ಗ್ರೂಪ್ 1’ ಎಂಬ ಗೊಂದಲ

ಫ್ರಾನ್ಸ್‌ನ ಲಿಯಾನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ ಇದೆ. ಯಾವ ವಸ್ತು ಕ್ಯಾನ್ಸರ್ ತರುತ್ತದೆ ಅಂತ ವಿಂಗಡಿಸುವುದು ಅದರ ಕೆಲಸ. ಅಡಿಕೆ ಇರುವುದು ಅದರ ಗ್ರೂಪ್ 1ರಲ್ಲಿ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಗುಂಪಿನಲ್ಲಿ. ತಂಬಾಕು, ಹೆಂಡ, ಸಂಸ್ಕರಿಸಿದ ಮಾಂಸ, ಮರದ ಪುಡಿ, ಬಿಸಿಲು, ಎಲ್ಲವೂ ಅದೇ ಗುಂಪಿನವು. ‘ಅಡಿಕೆ ಸಿಗರೇಟಿನಷ್ಟೇ ಅಪಾಯ’ ಅಂತ ಶೀರ್ಷಿಕೆ ಬರುವುದು ಇಲ್ಲಿಂದ. ಅದು ತಪ್ಪು ಓದು.

ಗುಂಪಿನ ಸಂಖ್ಯೆ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಅನ್ನುವುದನ್ನು. ಅಪಾಯ ಎಷ್ಟು ದೊಡ್ಡದು ಅನ್ನುವುದನ್ನು ಅದು ಹೇಳುವುದೇ ಇಲ್ಲ. ಹಾವು ವಿಷದ್ದು ಅಂತ ಖಚಿತವಾಗುವುದು ಒಂದು. ಅದು ನಿಮ್ಮನ್ನು ಕಚ್ಚುವ ಸಂಭವ ಎಷ್ಟು ಅನ್ನುವುದು ಇನ್ನೊಂದು. ಅಪಾಯದ ಅಳತೆ ಬೇಕಾದರೆ ಬೇರೆ ಲೆಕ್ಕ ನೋಡಬೇಕು. 2024ರಲ್ಲಿ ಐಎಆರ್‌ಸಿ ವಿಜ್ಞಾನಿಗಳೇ ಅಂಥದೊಂದು ಅಂದಾಜು ಪ್ರಕಟಿಸಿದರು. 2022ರಲ್ಲಿ ಜಗತ್ತಿನಲ್ಲಿ ಕಂಡ ಸುಮಾರು 3,89,800 ಬಾಯಿ ಕ್ಯಾನ್ಸರ್‌ಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ ಭಾರತದ್ದೇ 83,400. ತಂಬಾಕು, ಅಡಿಕೆ ಎರಡೂ ಸೇರಿದ ಲೆಕ್ಕ ಇದು ಅನ್ನುವುದನ್ನು ಮರೆಯಬಾರದು.

ಇನ್ನೂ ಒಂದು ಗೊಂದಲ ಇದೆ. ಅಡಿಕೆ ಗ್ರೂಪ್ 1, ಆದರೆ ಅದರೊಳಗಿನ ಅರೆಕೊಲಿನ್ ಗ್ರೂಪ್ 2ಬಿ, ಅಂದರೆ ‘ತರಬಹುದು’ ಅನ್ನುವ ಗುಂಪು. ಇದನ್ನು ತೋರಿಸಿ ‘ನೋಡಿ, ಅವರಿಗೇ ಖಾತ್ರಿ ಇಲ್ಲ’ ಅನ್ನುವವರಿದ್ದಾರೆ. ಕಾರಣ ಸರಳ. ಜನ ಜಗಿಯುವುದು ಅಡಿಕೆಯನ್ನು, ಹಾಗಾಗಿ ಜನರ ಮೇಲಿನ ಸಾಕ್ಷ್ಯ ಸಿಗುವುದು ಅಡಿಕೆಗೆ. ಶುದ್ಧ ಅರೆಕೊಲಿನ್ ತಿನ್ನುವವರು ಎಲ್ಲಿದ್ದಾರೆ?

ಬೆಳೆಗಾರರ ವಾದದಲ್ಲಿ ಹುರುಳೆಷ್ಟು

ಬೆಳೆಗಾರರ ಮುಖ್ಯ ತಕರಾರು ಇದು: ಕ್ಯಾನ್ಸರ್ ತರುವುದು ತಂಬಾಕು, ಅಡಿಕೆಗೆ ಸುಮ್ನೆ ಕೆಟ್ಟ ಹೆಸರು, ಗುಟ್ಕಾ ಮೇಲೆ ಮಾಡಿದ ಪರೀಕ್ಷೆಯನ್ನು ತಂದು ತೋಟದ ಅಡಿಕೆಗೆ ಹಚ್ಚುತ್ತಾರೆ. ತಳ್ಳಿಹಾಕುವ ವಾದವೇನೂ ಅಲ್ಲ. ಹೇಳಬೇಕೆಂದರೆ ಒಂದು ಕಾಲದಲ್ಲಿ ಐಎಆರ್‌ಸಿ ನಿಲುವೂ ಹೆಚ್ಚುಕಮ್ಮಿ ಇದೇ ಆಗಿತ್ತು. 1985ರಲ್ಲಿ ಅದು ತಂಬಾಕು ಸೇರಿದ ಎಲೆಯಡಿಕೆಗೆ ಮಾತ್ರ ಕ್ಯಾನ್ಸರ್‌ಕಾರಕ ಅಂತ ಮುದ್ರೆ ಒತ್ತಿತು. ತಂಬಾಕಿಲ್ಲದ ಎಲೆಯಡಿಕೆ ಬಗ್ಗೆ ಸಾಕ್ಷ್ಯ ಸಾಲದು ಅಂತ ಬಿಟ್ಟಿತ್ತು.

ಅದು ಬದಲಾದದ್ದು ಮುಖ್ಯವಾಗಿ ತೈವಾನ್‌ನಂಥ ಕಡೆಯಿಂದ ಬಂದ ಮಾಹಿತಿಯಿಂದ. ತೈವಾನ್‌ನಲ್ಲಿ ಅಡಿಕೆಗೆ ಹೊಗೆಸೊಪ್ಪು ಸೇರಿಸುವ ರೂಢಿಯಿಲ್ಲ. ಎಳೆಯ ಹಸಿ ಅಡಿಕೆ, ಸುಣ್ಣ, ಎಲೆ ಅಥವಾ ಎಲೆಬಳ್ಳಿಯ ಹೂಗೊನೆ, ಅಷ್ಟೇ. ಅಲ್ಲೂ ಬಾಯಿ ಕ್ಯಾನ್ಸರ್ ಸಿಕ್ಕಾಪಟ್ಟೆ. ಜಗಿಯುವವರಲ್ಲಿ ಸಿಗರೇಟು ಸೇದುವವರು ಬಹಳ ಅನ್ನುವುದು ನಿಜ. ಜಗಿತ, ಸಿಗರೇಟು, ಹೆಂಡ ಮೂರೂ ಇದ್ದವರಿಗೆ ಯಾವುದೂ ಇಲ್ಲದವರಿಗಿಂತ 123 ಪಟ್ಟು ಅಪಾಯ ಅಂತ 1995ರ ಒಂದು ಅಧ್ಯಯನ ಹೇಳಿತು. ಆದರೆ ಸಿಗರೇಟನ್ನು ಲೆಕ್ಕದಿಂದ ಬೇರ್ಪಡಿಸಿ ನೋಡಿದಾಗಲೂ ಬರೀ ಜಗಿಯುವವರಲ್ಲಿ ಅಪಾಯ ಹಲವು ಪಟ್ಟು ಉಳಿಯಿತು. ಇಂಥ ಮಾಹಿತಿಯೆಲ್ಲ ಸೇರಿ 2004ರ ವರದಿಯಲ್ಲಿ ತಂಬಾಕಿಲ್ಲದ ಎಲೆಯಡಿಕೆಯೂ, ಅಡಿಕೆಯೂ ಗ್ರೂಪ್ 1ಕ್ಕೆ ಬಂದವು. 2012ರಲ್ಲಿ ಅದೇ ತೀರ್ಮಾನ ಮತ್ತೊಮ್ಮೆ ಗಟ್ಟಿಯಾಯಿತು. ವೀಳ್ಯದೆಲೆಯ ಮೇಲೆ ಇಂಥ ಆರೋಪ ಇಲ್ಲ.

‘ಆಯುರ್ವೇದದಲ್ಲಿ ತಾಂಬೂಲಕ್ಕೆ ಜಾಗ ಇದೆ’, ‘ಅಡಿಕೆ ರಸಕ್ಕೆ ಔಷಧಿ ಗುಣ ಇದೆ ಅಂತ ಲ್ಯಾಬಿನಲ್ಲಿ ತೋರಿಸಿದ್ದಾರೆ’ ಅನ್ನುವ ವಾದಗಳೂ ಇವೆ. ಇರಬಹುದು. ಒಂದೇ ಕಾಯಲ್ಲಿ ಒಳ್ಳೆಯದೂ ಕೆಟ್ಟದ್ದೂ ಇರಬಾರದು ಅಂತೇನಿಲ್ಲ. ಆದರೆ ತಟ್ಟೆಯಲ್ಲಿ ಬೆಳೆಸಿದ ಕೋಶದ ಮೇಲೆ ಅಡಿಕೆ ರಸ ಹಾಕಿ ನೋಡಿದ ಫಲಿತಾಂಶ ಮೂವತ್ತು ವರ್ಷ ಜಗಿದ ಮನುಷ್ಯನ ಕೆನ್ನೆಗೆ ಉತ್ತರ ಆಗುವುದಿಲ್ಲ.

ಹಾಳೆತಟ್ಟೆ ಏನು ತಪ್ಪು ಮಾಡಿತು?

ಎಫ್‌ಡಿಎ ಸುದ್ದಿ ಬಂದಾಗ ‘ಹಾಳೆತಟ್ಟೆಯಲ್ಲಿ ಉಂಡರೆ ಕ್ಯಾನ್ಸರ್’ ಅಂತ ಹಬ್ಬಿತು. ಆ ಸಂಸ್ಥೆಯ ತಕರಾರು ಬೇರೆ. ಅಡಿಕೆ ಮರದಲ್ಲಿ ಸಹಜವಾಗಿರುವ ಆಲ್ಕಲಾಯ್ಡ್‌ಗಳು ಹಾಳೆಯಿಂದ ಊಟಕ್ಕೆ ಇಳಿಯಬಹುದು, ಅದು ಸುರಕ್ಷಿತ ಅಂತ ಯಾರೂ ತೋರಿಸಿಕೊಟ್ಟಿಲ್ಲ, ಹಾಗಾಗಿ ಅಲ್ಲಿ ಮಾರುವಂತಿಲ್ಲ. ಅಮೆರಿಕದ ಕಾನೂನಿನಲ್ಲಿ ಸುರಕ್ಷಿತ ಅಂತ ತೋರಿಸುವ ಹೊಣೆ ಮಾರುವವರದು. ತಟ್ಟೆಯಿಂದ ಒಬ್ಬರಿಗಾದರೂ ಕ್ಯಾನ್ಸರ್ ಬಂತು ಅನ್ನುವ ಮಾತು ಅದರಲ್ಲಿ ಇಲ್ಲ. ಆದರೂ ಪೆಟ್ಟು ಬಿದ್ದದ್ದು ನಮ್ಮ ಊರುಗಳ ಸಣ್ಣ ಸಣ್ಣ ಘಟಕಗಳಿಗೆ.

ಹೊಸ ಅಧ್ಯಯನ ಏನು ಬದಲಿಸಬಹುದು

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ನೇತೃತ್ವದಲ್ಲಿ ಹಲವು ಸಂಸ್ಥೆಗಳನ್ನು ಸೇರಿಸಿ ಕೇಂದ್ರ ಸರ್ಕಾರ ಅಡಿಕೆ ಮತ್ತು ಆರೋಗ್ಯದ ಬಗ್ಗೆ ಅಧ್ಯಯನ ಶುರು ಮಾಡಿಸಿದೆ. ಬೆಳೆಗಾರರಿಗೆ ಇದರ ಮೇಲೆ ಬಹಳ ಆಸೆ. ಆದರೆ ಕ್ಯಾನ್ಸರ್ ಆಗಲು ಇಪ್ಪತ್ತು ಮೂವತ್ತು ವರ್ಷ ಬೇಕು ಅಂದಮೇಲೆ ಕೆಲವೇ ವರ್ಷದ ಯೋಜನೆಯಲ್ಲಿ ಆರೋಗ್ಯವಂತರನ್ನು ಹಿಂಬಾಲಿಸಿ ಉತ್ತರ ಪಡೆಯುವುದು ಕಷ್ಟ. ಬರೀ ಎಲೆಯಡಿಕೆ ಹಾಕುವ, ತಂಬಾಕು ಮುಟ್ಟದ ಸಾವಿರಾರು ಜನರನ್ನು ಹುಡುಕಿ ಹೋಲಿಸಿದರೆ ಉಪಯೋಗ ಆಗಬಹುದು. ಅಂಥವರು ಜಗತ್ತಿನಲ್ಲೇ ಹೆಚ್ಚು ಸಿಗಬಹುದಾದ ಜಾಗಗಳಲ್ಲಿ ನಮ್ಮ ಮಲೆನಾಡೂ ಒಂದು. ಆದರೆ ದೆಹಲಿಯಿಂದ ‘ಸುರಕ್ಷಿತ’ ಅಂತ ಒಂದು ವರದಿ ಬಂದ ಮಾತ್ರಕ್ಕೆ ಲಿಯಾನ್‌ನ ಪಟ್ಟಿ ಬದಲಾಗುವುದಿಲ್ಲ. ಅಲ್ಲಿ ಎಲ್ಲ ದೇಶಗಳ ಸಾಕ್ಷ್ಯ ಒಟ್ಟಿಗೆ ತೂಗುತ್ತಾರೆ.

ತೋಟಕ್ಕೆ ಏನಾಗುತ್ತದೆ

‘ನಾಳೆ ಅಡಿಕೆ ಬೆಳೆಯೋದನ್ನೇ ನಿಷೇಧ ಮಾಡ್ತಾರೆ’ ಅನ್ನುವ ಭಯಕ್ಕೆ ಆಧಾರ ಕಡಿಮೆ. ಹುಣಸೂರು, ಪಿರಿಯಾಪಟ್ಟಣದ ಕಡೆ ನೋಡಿ. ತಂಬಾಕು ಗ್ರೂಪ್ 1ರಲ್ಲಿ ಎಷ್ಟೋ ವರ್ಷದಿಂದ ಇದೆ, ಆದರೂ ತಂಬಾಕು ಮಂಡಳಿಯೇ ಮುಂದೆ ನಿಂತು ಹರಾಜು ನಡೆಸುತ್ತದೆ. ಅಡಿಕೆಯ ವಿಷಯದಲ್ಲೂ ಸರ್ಕಾರದ ಎರಡು ಕೈ ಎರಡು ಕೆಲಸ ಮಾಡುತ್ತಿವೆ. ಪ್ಯಾಕೆಟ್ ಮೇಲೆ ‘ಆರೋಗ್ಯಕ್ಕೆ ಹಾನಿಕರ’ ಅಂತ ಬರೆಸುವುದು ಒಂದು ಕೈ. 2023ರಲ್ಲಿ ಆಮದು ಅಡಿಕೆಗೆ ಕಿಲೋಗೆ ₹351 ಕನಿಷ್ಠ ಬೆಲೆ ಕಟ್ಟಿ ಬೆಳೆಗಾರರನ್ನು ಕಾಪಾಡಿದ್ದು ಇನ್ನೊಂದು.

ನಿಜವಾದ ಒತ್ತಡ ಬರುವುದು ಕೊಳ್ಳುವವರ ಕಡೆಯಿಂದ. ನಮ್ಮ ಕೆಂಪಡಿಕೆಯ ದೊಡ್ಡ ಪಾಲು ಹೋಗುವುದು ಉತ್ತರದ ಪಾನ್ ಮಸಾಲ ಕಾರ್ಖಾನೆಗಳಿಗೆ, ಮದುವೆಮನೆಯ ತಾಂಬೂಲಕ್ಕಲ್ಲ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದಾಗ ಕಂಪನಿಗಳು ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಮಾಡಿ ಮಾರಿದವು. ಅಡಿಕೆ ಬೇಡಿಕೆ ಉಳಿಯಿತು, ಬಾಯಿ ಮಾತ್ರ ಉಳಿಯಲಿಲ್ಲ. ತೆರಿಗೆ, ಎಚ್ಚರಿಕೆ, ಪ್ಯಾಕೆಟ್ ನಿಯಮ ಇವೆಲ್ಲ ನಿಧಾನವಾಗಿ ಬಿಗಿಯಾದರೆ ಅದು ದರದಲ್ಲಿ ಕಾಣುತ್ತದೆ. ‘ತಾಂಬೂಲ ನಮ್ಮ ಸಂಸ್ಕೃತಿ’ ಅನ್ನುವ ವಾದ ಆ ಕಾರ್ಖಾನೆಗಳಿಗೂ ನೆರಳಾಗುತ್ತಿದೆ ಅನ್ನುವುದನ್ನು ಬೆಳೆಗಾರರ ಸಂಘಟನೆಗಳು ಗಟ್ಟಿಯಾಗಿ ಹೇಳುವುದಿಲ್ಲ. ಹೇಳಿದರೆ ಕೊಳ್ಳುವವರನ್ನೇ ಎದುರು ಹಾಕಿಕೊಂಡ ಹಾಗೆ, ಅಲ್ವಾ?

ಜಗಿಯುವವರಿಗೆ ಆಗಬೇಕಾದ್ದು ಈ ಜಗಳ ಮುಗಿಯುವವರೆಗೆ ಕಾಯಬೇಕಾಗಿಲ್ಲ. ತಿರುವನಂತಪುರದಲ್ಲಿ 1996ರಿಂದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ಬರೀ ಕಣ್ಣಲ್ಲಿ ನೋಡಿದರು. ತಂಬಾಕು ಅಥವಾ ಹೆಂಡದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು ಅಂತ 2005ರಲ್ಲಿ ಫಲಿತಾಂಶ ಬಂತು. ಬೇಕಾದದ್ದು ಒಂದು ಟಾರ್ಚು, ತರಬೇತಾದ ಒಂದು ಜೊತೆ ಕಣ್ಣು. ತೈವಾನ್ ಕೂಡ ಜಗಿಯುವವರಿಗೆ ಸರ್ಕಾರದ ಖರ್ಚಿನಲ್ಲೇ ಬಾಯಿ ಪರೀಕ್ಷೆ ಮಾಡಿಸುತ್ತದೆ, ಜೊತೆಗೆ ಅಡಿಕೆ ಬಿಟ್ಟು ಬೇರೆ ಬೆಳೆಗೆ ಹೋಗುವ ರೈತರಿಗೆ ನೆರವು ಕೊಟ್ಟಿದೆ.

ಬೇರೆ ಬೆಳೆಯ ಮಾತು ನಮ್ಮಲ್ಲಿ ಅಷ್ಟಾಗಿ ಕೇಳುವುದಿಲ್ಲ, ನಡೆಯುತ್ತಿರುವುದು ಉಲ್ಟಾ. ಚನ್ನಗಿರಿ, ಚಿತ್ರದುರ್ಗ, ತುಮಕೂರಿನ ಬಯಲಿನಲ್ಲಿ ಬೋರ್‌ವೆಲ್ ನೀರು ನಂಬಿಕೊಂಡು ಹೊಸ ತೋಟಗಳು ಏಳುತ್ತಲೇ ಇವೆ. ಇವತ್ತು ನೆಟ್ಟ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ಆಮೇಲೆ ನಾಲ್ಕು ದಶಕ ಅದು ಅಲ್ಲೇ ನಿಂತಿರುತ್ತದೆ. ಹುಣಸೂರಿನ ತಂಬಾಕಿನವನ ಹಾಗೆ ಈ ವರ್ಷ ಬಿಟ್ಟು ಮುಂದಿನ ವರ್ಷ ಜೋಳ ಬಿತ್ತಲು ಅಡಿಕೆಯವನಿಗೆ ಬರುವುದಿಲ್ಲ.